ಸಾಮ್ರಾಜ್ಯ ಕಟ್ಟುವ ಗೇಮ್, ರಾಜ್ಯ ನಡೆಸುವ ಗೇಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಿವಿಲೈಸೇಶನ್, ಯುರೋಪಾ ಯುನಿವರ್ಸಾಲಿಸ್, ಕ್ರುಸೇಡರ್ ಕಿಂಗ್ಸ್, ವಿಕ್ಟೋರಿಯಾ, ಇವುಗಳಲ್ಲಿ ಯಾವುದನ್ನು ಆಡಬೇಕು ಎಂದು ಕಾರವಾರ, ಕುಮಟಾ, ಶಿರಸಿ ಕಡೆಯ ಹುಡುಗರೂ ಅವರ ಅಪ್ಪ-ಅಮ್ಮಂದಿರೂ ಕೇಳುತ್ತಿರುತ್ತಾರೆ. ಗ್ರಾಫಿಕ್ಸ್ ನೋಡಿ ಆರಿಸಬೇಡಿ ಎನ್ನುವುದು ನನ್ನ ಮೊದಲ ಮಾತು. ಆಟ ನಿಮ್ಮ ಕೈಗೆ ಏನು ಕೊಡುತ್ತದೆ, ಊರೋ ಖಜಾನೆಯೋ ಮನೆತನವೋ ಮಾರುಕಟ್ಟೆಯೋ, ಅದನ್ನು ನೋಡಿ. ಆಮೇಲೆ, ಚಿಕ್ಕ ರಾಜ್ಯವೊಂದು ಚಿಕ್ಕದಾಗಿಯೇ ಬಾಳಲು ಆ ಆಟ ಬಿಡುತ್ತದೆಯೇ ನೋಡಿ. ಗೇರುಸೊಪ್ಪೆ, ಸೋದೆ, ಬಿಳಗಿಗಳ ಸೀಮೆಯವರಾದ ನಮಗೆ ಈ ಎರಡನೆಯದು ಮುಖ್ಯ.

ಸಾಮ್ರಾಜ್ಯ ಕಟ್ಟುವುದು, ರಾಜ್ಯ ನಡೆಸುವುದು ಎರಡೂ ಒಂದೇ ಅಲ್ಲವೇ?

ಅಲ್ಲ. ಹೊಸದಾಗಿ ಅಡಿಕೆ ತೋಟ ಹಾಕುವವನ ಚಿಂತೆ ಬೇರೆ, ಅಜ್ಜನ ಕಾಲದ ತೋಟವನ್ನು ಕೊಳೆರೋಗದಿಂದ ಉಳಿಸಿಕೊಳ್ಳುವವನ ಚಿಂತೆ ಬೇರೆ. ಸಿವಿಲೈಸೇಶನ್ ಮೊದಲ ಜಾತಿಯದು. ಬರಿ ನೆಲ, ಒಂದು ಗುಂಪು ಜನ, ಊರು ಎಲ್ಲಿ ಕಟ್ಟುವುದು ಎಂಬಲ್ಲಿಂದ ಆಟ ಶುರು. ಯುರೋಪಾ ಯುನಿವರ್ಸಾಲಿಸ್, ವಿಕ್ಟೋರಿಯಾ ಎರಡನೆಯ ಜಾತಿಯವು. ಆಟ ತೆರೆಯುವಾಗಲೇ ರಾಜ್ಯ ಇದೆ, ಸಾಲ ಇದೆ, ಗಡಿಯಲ್ಲಿ ವೈರಿ ಇದ್ದಾನೆ, ಒಳಗೆ ಮುನಿಸಿಕೊಂಡ ಸರದಾರರಿದ್ದಾರೆ.

ಮೊದಲ ಜಾತಿಗೆ ಫೋರ್ ಎಕ್ಸ್ ಎಂಬ ಹೆಸರೂ ಇದೆ. ಹುಡುಕು, ಹಬ್ಬು, ಬಳಸಿಕೋ, ನಿರ್ನಾಮ ಮಾಡು ಎನ್ನುವ ನಾಲ್ಕು ಕೆಲಸಗಳಿಂದ ಬಂದ ಹೆಸರು, 1993ರಿಂದ ಚಾಲ್ತಿಯಲ್ಲಿದೆ. ಎರಡನೆಯದನ್ನು ಗ್ರ್ಯಾಂಡ್ ಸ್ಟ್ರಾಟೆಜಿ ಎನ್ನುತ್ತಾರೆ. ಅದರಲ್ಲಿ ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯದೇ ದೊಡ್ಡ ಹೆಸರು.

ಇಂಥ ಗೇಮ್ ಒಂದೂ ಆಡಿಲ್ಲ. ಎಲ್ಲಿಂದ ಶುರು ಮಾಡಲಿ?

ಸಿವಿಲೈಸೇಶನ್ 6. 2016ರದು, ಡಿಸ್ಕೌಂಟಿನಲ್ಲಿ ತುಂಬ ಅಗ್ಗಕ್ಕೆ ಸಿಗುತ್ತದೆ. ಟರ್ನ್ ಆಟ, ಅಂದರೆ ಸರದಿಯ ಪ್ರಕಾರ ನಡೆಯುವ ಆಟವಾದ್ದರಿಂದ ಅವಸರವಿಲ್ಲ. ನೀವು ಬಟನ್ ಒತ್ತುವವರೆಗೆ ಜಗತ್ತು ಕಾಯುತ್ತದೆ.

ನಮ್ಮೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಕಾಳಿ ನದಿ ಸಮುದ್ರ ಸೇರುವ ಜಾಗ ನೆನಪಿಸಿಕೊಳ್ಳಿ. ಆಟದಲ್ಲಿ ಅಂಥ ನದಿಮುಖ ಕಂಡರೆ ಊರನ್ನು ಅಲ್ಲೇ ಇಡಿ. ಊರಿಗೆ ಒತ್ತಿ ನೀರಿನ ಮೇಲೆ ಬಂದರು ಕಟ್ಟಿ. ನದಿಯ ದಡದಲ್ಲಿ, ಊರಿಗೂ ಬಂದರಿಗೂ ತಾಗುವ ಮನೆಯಲ್ಲಿ, ಅಂದರೆ ನಕಾಶೆಯ ಖಾನೆಯಲ್ಲಿ, ವ್ಯಾಪಾರದ ಪೇಟೆ ಇಡಿ. ನದಿ ಪಕ್ಕದಲ್ಲಿದೆ ಎಂದು ಪೇಟೆಗೆ 2 ಚಿನ್ನ ಹೆಚ್ಚು, ಬಂದರು ಪಕ್ಕದಲ್ಲಿದೆ ಎಂದು ಇನ್ನೂ 2. ಒಳಗಡೆ ಬೆಟ್ಟದ ಸಾಲು ಇದ್ದರೆ ಅದರ ಬುಡದಲ್ಲಿ ವಿದ್ಯಾಪೀಠ. ತಾಗಿರುವ ಒಂದೊಂದು ಬೆಟ್ಟಕ್ಕೂ 1ರಂತೆ ವಿಜ್ಞಾನ ಕೂಡುತ್ತದೆ. ಕರಾವಳಿ ಒಂದು ಕಡೆ, ಸಹ್ಯಾದ್ರಿ ಇನ್ನೊಂದು ಕಡೆ ಇಟ್ಟುಕೊಂಡು ಬೆಳೆದವರಿಗೆ ಈ ಲೆಕ್ಕ ತಾನಾಗಿ ಹೊಳೆಯುತ್ತದೆ. ಯಾವ ಊರು ಯಾಕೆ ಅಲ್ಲೇ ಹುಟ್ಟಿತು ಎಂದು ಯೋಚಿಸಲು ಕಲಿಸುವುದು ಈ ಆಟದ ದೊಡ್ಡ ಗುಣ.

ದೋಷವೂ ಇದೆ. ಅರ್ಧ ದಾಟಿದ ಮೇಲೆ ಗೆಲ್ಲುವವರು ಯಾರೆಂದು ಗೊತ್ತಾಗಿಬಿಡುತ್ತದೆ, ಆದರೂ ನೂರಾರು ಟರ್ನ್ ಒತ್ತುತ್ತಾ ಕೂರಬೇಕು. ಅಲ್ಲಿಗೆ ಬಿಟ್ಟು ಹೊಸ ಆಟ ಶುರು ಮಾಡುವುದರಲ್ಲಿ ಏನೂ ತಪ್ಪಿಲ್ಲ.

ಸಿವಿಲೈಸೇಶನ್ 7 ಬಂದಿದೆಯಲ್ಲ, ಅದನ್ನೇ ತಗೊಳ್ಳಬಾರದೇ?

2025ರ ಫೆಬ್ರವರಿಯಲ್ಲಿ ಬಂತು. ಆಟವನ್ನು ಪ್ರಾಚೀನ, ಅನ್ವೇಷಣೆ, ಆಧುನಿಕ ಎಂದು ಮೂರು ಯುಗ ಮಾಡಿದ್ದಾರೆ. ಯುಗ ಬದಲಾದಾಗ ನಾಗರಿಕತೆಯೂ ಬದಲಾಗುತ್ತದೆ. ಮೌರ್ಯರಾಗಿ ಶುರು ಮಾಡಿ, ಚೋಳರಾಗಿ, ಮೊಘಲರಾಗಿ ಮುಗಿಸಬಹುದು. ನಾಯಕ ಮಾತ್ರ ಅವನೇ, ಅಶೋಕನೇ ಇರಬಹುದು. ಹಳೇ ಆಟಗಾರರು ಇದಕ್ಕೆ ತುಂಬ ಸಿಟ್ಟಾದರು. ನನಗೆ ಆಲೋಚನೆ ಹಿಡಿಸಿದೆ. ಬನವಾಸಿಯಲ್ಲಿ ನಿಂತರೆ ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದವರು, ಸೋದೆಯವರು ಎಂದು ಪದರದ ಮೇಲೆ ಪದರ ಕಾಣುತ್ತದೆ. ಊರು ಅದೇ, ಆಳುವವರು ಬೇರೆ. ಆದರೆ ಆಟದಲ್ಲಿ ಯುಗ ಮುಗಿಯುವ ಹೊತ್ತಿಗೆ ನಡೆಯುತ್ತಿದ್ದ ಯುದ್ಧ, ಮಾಡಿಟ್ಟ ಏರ್ಪಾಟು ಎಲ್ಲ ಕತ್ತರಿಸಿ ಹೋಗುತ್ತದೆ. ಆ ಹೊಲಿಗೆ ಕಣ್ಣಿಗೆ ಹೊಡೆಯುತ್ತದೆ. ಮೊದಲ ಸಲದವರು 6ರಲ್ಲೇ ಕಲಿಯಲಿ.

ಯುರೋಪಾ ಯುನಿವರ್ಸಾಲಿಸ್ 4 ತುಂಬ ಕಷ್ಟವಂತೆ. ಹೌದೇ?

ಕಷ್ಟವೇ. ಮೊದಲ ಸಂಜೆ ಏನೂ ಅರ್ಥವಾಗುವುದಿಲ್ಲ. ಆದರೂ ಕರ್ನಾಟಕದವರು ಒಮ್ಮೆಯಾದರೂ ಆಡಬೇಕಾದ ಆಟ ಇದು. ಆರಂಭ 1444ರ ನವೆಂಬರ್ 11. ಆಗ ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಳ್ವಿಕೆಯ ಕೊನೆಯ ವರ್ಷಗಳು. ಉತ್ತರಕ್ಕೆ ಬಹಮನಿಗಳು. ಆಟ 1821ರವರೆಗೆ ಹೋಗುತ್ತದೆ.

ವಿಜಯನಗರವನ್ನು ಆರಿಸಿಕೊಂಡ ಹೊಸಬರು ಏನು ಮಾಡುತ್ತಾರೆ ಎಂದರೆ, ಬಹಮನಿಗಳ ಮೇಲೆ ಬಿದ್ದು ಗೆದ್ದು, ಸಿಕ್ಕಷ್ಟು ಪ್ರಾಂತ್ಯ ಒಂದೇ ಸಲಕ್ಕೆ ಕಿತ್ತುಕೊಳ್ಳುತ್ತಾರೆ. ಆಮೇಲೆ ನೋಡಿ. ಗೆದ್ದ ನೆಲವನ್ನು ನಿಮ್ಮದೇ ಎಂದು ಸ್ಥಾಪಿಸಲು ಆಡಳಿತದ ಅಂಕ ಬೇಕು. ಆ ಅಂಕ ರಾಜನ ಯೋಗ್ಯತೆಯಿಂದ ತಿಂಗಳಿಗೆ ಇಷ್ಟೇ ಎಂದು ಬರುತ್ತದೆ. ಸಂಬಳ ಕೊಟ್ಟು ಸಲಹೆಗಾರನನ್ನು ಇಟ್ಟುಕೊಂಡರೆ ಸ್ವಲ್ಪ ಹೆಚ್ಚುತ್ತದೆ, ಅಂಕವನ್ನೇ ನೇರವಾಗಿ ಕೊಳ್ಳುವ ಹಾಗಿಲ್ಲ. ಅಷ್ಟರಲ್ಲಿ ದಂಗೆ ಎದ್ದಿರುತ್ತದೆ. ಅಕ್ಕಪಕ್ಕದ ರಾಜ್ಯಗಳೆಲ್ಲ ಹೆದರಿ ನಿಮ್ಮ ವಿರುದ್ಧ ಒಕ್ಕೂಟ ಕಟ್ಟಿರುತ್ತವೆ. ಗೆಲ್ಲುವುದು ಸುಲಭ, ಜೀರ್ಣಿಸಿಕೊಳ್ಳುವುದು ಕಷ್ಟ ಎನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಆಟ ನಾನು ಆಡಿಲ್ಲ. ಒಂದು ಯುದ್ಧಕ್ಕೆ ಎರಡು ಮೂರು ಪ್ರಾಂತ್ಯ ಸಾಕು. ಮಧ್ಯೆ ಕೆಲವು ವರ್ಷ ಸುಮ್ಮನಿರಿ.

ಹಿಂದೂ ರಾಜ್ಯದಲ್ಲಿ ಪ್ರತಿ ರಾಜನಿಗೆ ಒಂದು ಇಷ್ಟದೈವ ಆರಿಸಬಹುದು. ದೈವಕ್ಕೆ ತಕ್ಕ ಫಲ, ಆ ರಾಜ ಇರುವವರೆಗೆ. ಸಣ್ಣ ವಿವರವೇ, ಆದರೆ ಹೊಸ ರಾಜ ಬಂದಾಗ ಆಟಕ್ಕೇ ಹೊಸ ಕಳೆ ಬರುತ್ತದೆ.

ನನ್ನ ದೊಡ್ಡ ತಕರಾರು ವ್ಯಾಪಾರದ ಬಗ್ಗೆ. ನಕಾಶೆಯಲ್ಲಿ ವ್ಯಾಪಾರ ಹರಿಯುವ ದಿಕ್ಕನ್ನು ಮೊದಲೇ ಕಟ್ಟಿಟ್ಟಿದ್ದಾರೆ. ನಮ್ಮ ಕರಾವಳಿಯ ಮೆಣಸಿನ ಸಂಪತ್ತು ಕಡೆಗೆ ಹೋಗಿ ಸೇರುವುದು ವೆನಿಸ್, ಜಿನೋವಾ ಅಥವಾ ಇಂಗ್ಲಿಷ್ ಕಾಲುವೆಗೆ. ಹಣ ಹೋಗುವ ದಾರಿಯಲ್ಲಿ ನಿಂತು ನಿಮ್ಮ ಪಾಲು ಹಿಡಿಯಬಹುದು, ಹಡಗು ಬಿಟ್ಟು ಪಾಲು ಹೆಚ್ಚಿಸಬಹುದು, ಹರಿವನ್ನು ತಿರುಗಿಸುವ ಹಾಗಿಲ್ಲ. 1600ರಲ್ಲಿ ಭಟ್ಕಳದ ವರ್ತಕ ಬಲಿಷ್ಠನಾಗಿ ಉಳಿದಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕಾದ ಆಟವೇ ಆ ಪ್ರಶ್ನೆಗೆ ಬಾಗಿಲು ಹಾಕಿದೆ.

ಹಾಗಾದರೆ 5ನೆಯ ಭಾಗ?

2025ರ ನವೆಂಬರಿನಲ್ಲಿ ಬಂತು. ಆರಂಭ 1337, ಅಂದರೆ ವಿಜಯನಗರ ಹುಟ್ಟಿತೆಂದು ನಾವು ಓದಿದ 1336ರ ಮರುವರ್ಷ. ಮುಮ್ಮಡಿ ಬಲ್ಲಾಳ ಇನ್ನೂ ಬದುಕಿದ್ದ ಕಾಲ. ರಾಜನ ಅಂಕಗಳನ್ನು ತೆಗೆದು ಜನಸಂಖ್ಯೆಯನ್ನೇ ಆಟದ ತಳಹದಿ ಮಾಡಿದ್ದಾರೆ. ಇದು ಸರಿಯಾದ ದಾರಿ. ಆದರೆ ಒಳ್ಳೇ ಕಂಪ್ಯೂಟರ್ ಬೇಕು, 4ರ ಅನುಭವವಿದ್ದರೆ ಒಳ್ಳೆಯದು.

ಕ್ರುಸೇಡರ್ ಕಿಂಗ್ಸ್ 3ರಲ್ಲಿ ಯುದ್ಧಕ್ಕಿಂತ ಮದುವೆಯೇ ಹೆಚ್ಚಂತಲ್ಲ?

ಹೌದು, ಅದೇ ಅದರ ಸೊಗಸು. ಅಲ್ಲಿ ನೀವು ರಾಜ್ಯವಲ್ಲ, ಒಬ್ಬ ಮನುಷ್ಯ. ಅವನು ಸತ್ತರೆ ವಾರಸುದಾರನಾಗಿ ಮುಂದುವರಿಯುತ್ತೀರಿ. 867ರಲ್ಲಿ ಶುರು ಮಾಡಿದರೆ ಅಮೋಘವರ್ಷನ ಕಾಲ. 1066ರಲ್ಲಿ ಶುರು ಮಾಡಿದರೆ ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲ.

ಇತಿಹಾಸದಲ್ಲಿ ಸೋಮೇಶ್ವರನ ತರುವಾಯ ಹಿರಿಯ ಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. 1076ರಲ್ಲಿ ತಮ್ಮ ಆರನೇ ವಿಕ್ರಮಾದಿತ್ಯ ಅವನನ್ನು ಇಳಿಸಿ ತಾನೇ ಕೂತ, ಚಾಲುಕ್ಯ ವಿಕ್ರಮ ಶಕೆ ಶುರು ಮಾಡಿದ. ಈ ಆಟ ಪೂರ್ತಿ ಇಂಥದರ ಸುತ್ತಲೇ ಇದೆ. ಆರಂಭದ ಕಾನೂನಿನಂತೆ ಗಂಡುಮಕ್ಕಳಿಗೆಲ್ಲ ನೆಲ ಪಾಲಾಗುತ್ತದೆ. ಅಪ್ಪ ಕಟ್ಟಿದ್ದು ಮಕ್ಕಳ ಹಿಸ್ಸೆಯಲ್ಲಿ ಹರಿದುಹೋಗುತ್ತದೆ. ಯಾರಿಗೆ ಎಷ್ಟು, ಯಾರನ್ನು ಸನ್ಯಾಸಕ್ಕೆ ಕಳಿಸುವುದು, ಯಾವ ಸಾಮಂತನ ಮಗಳನ್ನು ತರುವುದು, ಇವೇ ನಿಮ್ಮ ರಾಜಕಾರಣ. ನಕಾಶೆ ಬಣ್ಣ ಬಳಿಯುವುದರಲ್ಲಿ ಆಸಕ್ತಿ ಇಲ್ಲದವರಿಗೆ, ಕಥೆ ಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆಟದಲ್ಲಿ ಕೊಲೆ, ಪ್ರಣಯ, ವಂಚನೆ ಎಲ್ಲ ಇರುವುದರಿಂದ ಚಿಕ್ಕ ಮಕ್ಕಳಿಗೆ ಬೇಡ.

ವಿಕ್ಟೋರಿಯಾ 3 ಅಂದರೆ ಲೆಕ್ಕದ ಪುಸ್ತಕ ಎನ್ನುತ್ತಾರೆ. ಅದರಲ್ಲಿ ಏನು ಮಜಾ?

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. 1836ರಿಂದ 1936ರವರೆಗಿನ ನೂರು ವರ್ಷ. ಸೈನ್ಯ ನಡೆಸುವ ಕೆಲಸ ಕಡಿಮೆ. ಕಾರ್ಖಾನೆ, ಗಣಿ, ತೋಟ ಕಟ್ಟುವುದು, ಕಾನೂನು ಬದಲಿಸುವುದು, ಜನರ ಜೀವನಮಟ್ಟ ಏರಿಸುವುದು, ಇದೇ ಆಟ. ದೇಶದ ಪ್ರತಿ ಜನಸಮೂಹಕ್ಕೂ ಕಸುಬು, ಆದಾಯ, ಖರ್ಚು, ಸಿಟ್ಟು ಇವೆ. ಧಾನ್ಯದ ಬೆಲೆ ಏರಿದರೆ ಬಡವರು ಕೆರಳುತ್ತಾರೆ. ಕೂಲಿ ಹೆಚ್ಚಿದರೆ ಅದೇ ಜನ ಬಟ್ಟೆ, ಪೀಠೋಪಕರಣ ಕೊಳ್ಳಲು ಶುರು ಮಾಡುತ್ತಾರೆ. ಆಗ ಅವುಗಳ ಬೆಲೆ ಏರುತ್ತದೆ.

ಕಾರವಾರದವರಿಗೆ ಈ ಆಟ ಏಕೆ ತಟ್ಟಬೇಕು ಎಂದರೆ, ನಮ್ಮ ಜಿಲ್ಲೆಯ ಗಡಿಯನ್ನೇ ಮಾರುಕಟ್ಟೆ ಬದಲಿಸಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಒದ್ದಾಡಿದವು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಸಾಗಿಸಲು ಕಾರವಾರ ಬಂದರೇ ಸರಿ ಎಂಬ ಒತ್ತಡ ಆಗಲೇ ಇತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಎಲ್ಲೋ ನಡೆದ ಯುದ್ಧ, ಇನ್ನೆಲ್ಲೋ ಏರಿದ ಬೆಲೆ, ನಮ್ಮೂರಿನ ಕಚೇರಿ ಯಾವ ರಾಜಧಾನಿಗೆ ಕಾಗದ ಬರೆಯಬೇಕು ಎಂಬುದನ್ನು ತೀರ್ಮಾನಿಸಿತು. ವಿಕ್ಟೋರಿಯಾ 3 ಆಡುವಾಗ ಹತ್ತಿಯ ಬೆಲೆಯ ಗೆರೆ ಮೇಲೇರುವುದನ್ನು ನೋಡಿದರೆ ಇದೆಲ್ಲ ಹೇಗಾಯಿತೆಂದು ಕಣ್ಣೆದುರು ಬರುತ್ತದೆ.

ಕಲಿಯಲು ಸ್ವೀಡನ್ ಅಥವಾ ಬೆಲ್ಜಿಯಂ ತಗೊಳ್ಳಿ. ಮೊದಲ ಹತ್ತು ವರ್ಷ ಕಬ್ಬಿಣ, ಮರ, ಉಪಕರಣ ಈ ಮೂರರ ಬೆಲೆ ಮಾತ್ರ ಗಮನಿಸಿ. ಆಮೇಲೆ ಮೈಸೂರು. ಕಂಪನಿಯ ಅಧೀನದಲ್ಲಿದ್ದುಕೊಂಡು, ಕೈ ಕಟ್ಟಿಸಿಕೊಂಡು ಬೆಳೆಯುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ.

ಹಾರ್ಟ್ಸ್ ಆಫ್ ಐರನ್ 4?

ಅದು ಎರಡನೇ ಮಹಾಯುದ್ಧದ ಆಟ, 1936ರಿಂದ ಶುರು. ಸೈನ್ಯದ ರಚನೆ, ಸರಬರಾಜು, ರಣರಂಗದ ಗೆರೆ ಇವುಗಳಲ್ಲಿ ರುಚಿ ಇದ್ದರೆ ಇದಕ್ಕೆ ಸಾಟಿ ಇಲ್ಲ. ರಾಜ್ಯ ನಡೆಸುವ ಆಸೆ ಇದ್ದವರಿಗೆ ಇದಲ್ಲ.

ಏಜ್ ಆಫ್ ಎಂಪೈರ್ಸ್ ಈ ಗುಂಪಿಗೆ ಸೇರುತ್ತದೆಯೇ?

ಹೆಸರಿನಲ್ಲಿ ಸಾಮ್ರಾಜ್ಯ ಇದೆ, ಆಟ ಮಾತ್ರ ಕೈಚಳಕದ್ದು. ಗಂಟೆಯೊಳಗೆ ಮುಗಿಯುವ ಯುದ್ಧ. 1999ರ ಎರಡನೇ ಭಾಗ ಹೊಸ ರೂಪದಲ್ಲಿ 2019ರಲ್ಲಿ ಬಂದಿದೆ, 2022ರ ವಿಸ್ತರಣೆಯಲ್ಲಿ ದ್ರಾವಿಡರು, ಗುರ್ಜರರು, ಬಂಗಾಳಿಗಳು ಸೇರಿದ್ದಾರೆ. ಅಣ್ಣತಮ್ಮಂದಿರು ಎದುರುಬದುರು ಕೂತು ಆಡಲು ಒಳ್ಳೆಯದು.

ಚಿಕ್ಕ ರಾಜ್ಯ ಹಿಡಿದು ಗೆಲ್ಲಬಹುದೇ?

ಗೆಲುವು ಎಂದರೆ ಏನು ಎಂಬುದರ ಮೇಲೆ ಹೋಗುತ್ತದೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದಳು. ಸಮುದ್ರದಲ್ಲಿ ಪೋರ್ಚುಗೀಸರು, ಘಟ್ಟದ ಮೇಲೆ ಕೆಳದಿಯವರು. ಮಿರ್ಜಾನಿನ ಕೋಟೆ, ಮೆಣಸಿನ ವ್ಯಾಪಾರ, ಒಮ್ಮೆ ಯುದ್ಧ, ಒಮ್ಮೆ ಸಂಧಾನ, ಹೀಗೆ ಅರ್ಧ ಶತಮಾನ ನಿಭಾಯಿಸಿದಳು. ಕಡೆಗೆ ಕೆಳದಿಯವರು ಸೆರೆಹಿಡಿದರು. ಸಿವಿಲೈಸೇಶನ್ನಿನ ಅಂಕಪಟ್ಟಿ ಇದನ್ನು ಸೋಲು ಎನ್ನುತ್ತದೆ. ನಾನು ಎನ್ನುವುದಿಲ್ಲ.

ಈ ಅಳತೆಯಲ್ಲಿ ಯುರೋಪಾ ಮತ್ತು ವಿಕ್ಟೋರಿಯಾ ಮೇಲು. ಅಲ್ಲಿ ಕಡ್ಡಾಯದ ಗುರಿ ಇಲ್ಲ. ಯುರೋಪಾ 4ರಲ್ಲಿ ಕೊಚ್ಚಿಯಂಥ ಪುಟ್ಟ ರಾಜ್ಯ ಹಿಡಿದು, ವಿಜಯನಗರದ ಸ್ನೇಹ ಇಟ್ಟುಕೊಂಡು, ವ್ಯಾಪಾರದ ಹಡಗು ಕಟ್ಟಿ, ಪೋರ್ಚುಗೀಸರು ಬರುವ ಹೊತ್ತಿಗೆ ಖಜಾನೆ ತುಂಬಿಸಿಕೊಂಡು ನಿಂತರೆ ಅದಕ್ಕಿಂತ ತೃಪ್ತಿಯ ಆಟ ಇನ್ನೊಂದಿಲ್ಲ. ಸಿವಿಲೈಸೇಶನ್ನಿನಲ್ಲೂ ಕೆಲವೇ ಊರು ಇಟ್ಟುಕೊಂಡು ಸಂಸ್ಕೃತಿ, ವಿಜ್ಞಾನದಿಂದ ಗೆಲ್ಲಬಹುದು, ಆದರೆ 6ನೆಯ ಭಾಗ ಊರು ಹೆಚ್ಚಿದ್ದವರ ಕಡೆಗೇ ವಾಲುತ್ತದೆ.

ನಮ್ಮನ್ನು ಆಳಿದವರ ಪರವಾಗಿ ಆಡುವುದು ಸರಿಯೇ?

ಪೋರ್ಚುಗಲ್ ಹಿಡಿದು ಆಡಿದರೆ ಅಂಜದೀವ್ ದ್ವೀಪ, ಗೋವಾ ಎಲ್ಲ ಬರಿ ಗಳಿಕೆಯ ಅಂಕಿಗಳಾಗಿ ಕಾಣುತ್ತವೆ. ಆ ಕಡೆಯವರ ಕಣ್ಣಿಗೆ ನಾವು ಹೇಗೆ ಕಂಡಿರಬಹುದು ಎಂದು ತಿಳಿಯಲು ಒಮ್ಮೆ ಆಡಿ ನೋಡುವುದು ಒಳ್ಳೆಯದೇ. ನನ್ನ ಆಕ್ಷೇಪ ಆಟಗಾರರ ಮೇಲಲ್ಲ, ಆಟದ ಮೇಲೆ. ವಸಾಹತು ಎಂದರೆ ಖಾಲಿ ಜಾಗಕ್ಕೆ ಹೋಗಿ ನೆಲೆಸುವುದು ಎಂಬಂತೆ ತೋರಿಸುವುದು ತಪ್ಪು. ವಿಕ್ಟೋರಿಯಾ 3 ಇದರಲ್ಲಿ ಹೆಚ್ಚು ಪ್ರಾಮಾಣಿಕ. ಅಲ್ಲಿ ಜನರಿದ್ದಾರೆ, ಅವರ ಬಡತನ ಪರದೆಯ ಮೇಲೆ ಕಾಣುತ್ತದೆ.

ಮಕ್ಕಳು ಇದರಿಂದ ಇತಿಹಾಸ ಕಲಿಯುತ್ತಾರೆಯೇ?

ಭೂಗೋಳ ಖಂಡಿತ ಕಲಿಯುತ್ತಾರೆ. ಇತಿಹಾಸದ ಬಗ್ಗೆ ಕುತೂಹಲ ಹುಟ್ಟುತ್ತದೆ, ತಿಳಿವಳಿಕೆ ಬರಲು ಪುಸ್ತಕ ಬೇಕು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿದ್ದಾನೆ. ಅಂಥ ಊರಿನ ಒಳಬಾಳು ಯಾವ ಆಟದ ನಕಾಶೆಯಲ್ಲೂ ಸಿಗುವುದಿಲ್ಲ.

ಗಾಂಧೀಜಿ ಅಣುಬಾಂಬ್ ಹಾಕುವ ಕಥೆಯನ್ನೂ ಮಕ್ಕಳು ಕೇಳಿರುತ್ತಾರೆ. 1991ರ ಮೊದಲ ಸಿವಿಲೈಸೇಶನ್ನಿನಲ್ಲಿ ಲೆಕ್ಕದ ದೋಷದಿಂದ ಗಾಂಧಿ ಯುದ್ಧಕೋರನಾಗುತ್ತಿದ್ದ ಎನ್ನುವುದು ಕಟ್ಟುಕಥೆ. ಆಟ ಮಾಡಿದ ಸಿಡ್ ಮೈಯರ್ ಅವರೇ 2020ರಲ್ಲಿ ಅಂಥ ದೋಷ ಇರಲಿಲ್ಲ ಎಂದಿದ್ದಾರೆ. 5ನೆಯ ಭಾಗದಲ್ಲಿ ಬೇಕೆಂದೇ ತಮಾಷೆಗೆ ಹಾಗೆ ಮಾಡಿದ್ದು ನಿಜ.

ಹಳೇ ಲ್ಯಾಪ್‌ಟಾಪ್, ಇಲ್ಲವೇ ಬರಿ ಮೊಬೈಲ್ ಇದೆ. ದುಡ್ಡೂ ಹಾಕುವುದಿಲ್ಲ. ಏನಿದೆ?

ಆಂಡ್ರಾಯ್ಡ್ ಮೊಬೈಲಿಗೆ ಅನ್‌ಸಿವ್. ಸಿವಿಲೈಸೇಶನ್ 5ರ ನಿಯಮಗಳನ್ನೇ ಸರಳ ಚಿತ್ರಗಳಲ್ಲಿ ಮಾಡಿದ ಉಚಿತ ಆಟ, ಜಾಹೀರಾತಿಲ್ಲ, ನೆಟ್ ಇಲ್ಲದೆಯೂ ನಡೆಯುತ್ತದೆ. ಲ್ಯಾಪ್‌ಟಾಪಿಗೆ ಫ್ರೀಸಿವ್. 1996ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿಗಳು ಹೊರತಂದದ್ದು, ಹಳೆಯ ಯಂತ್ರದಲ್ಲೂ ಓಡುತ್ತದೆ. ಝೀರೋ ಎ.ಡಿ. ಎಂಬ ಉಚಿತ ಆಟದಲ್ಲಿ ಮೌರ್ಯರಿದ್ದಾರೆ. ಕ್ರುಸೇಡರ್ ಕಿಂಗ್ಸ್ 2ರ ಮೂಲ ಆಟ 2019ರಿಂದ ಉಚಿತ.

ಪ್ಲೇ ಸ್ಟೋರ್‌ನಲ್ಲಿ ಸಾಮ್ರಾಜ್ಯದ ಹೆಸರಿಟ್ಟುಕೊಂಡು ಕೋಟೆ ಕಟ್ಟಲು ಎಂಟು ಗಂಟೆ ಕಾಯಿರಿ, ಇಲ್ಲವೇ ದುಡ್ಡು ಕೊಡಿ ಎನ್ನುವ ಆಟಗಳಿಂದ ಮಕ್ಕಳನ್ನು ದೂರ ಇಡಿ. ಅವು ತಂತ್ರವನ್ನಲ್ಲ, ತಾಳ್ಮೆಗೆಡುವುದನ್ನು ಮಾರುತ್ತವೆ. 2025ರ ಕೇಂದ್ರ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಇಲ್ಲಿ ನಾನು ಹೇಳಿದ ಆಟಗಳಿಗೂ ಅದಕ್ಕೂ ಸಂಬಂಧವಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗುತ್ತಲೇ ಇರುತ್ತದೆ. ಆಟ ಹಾಳಾಗುವುದಿಲ್ಲವೇ?

ಸಿವಿಲೈಸೇಶನ್ನಿನಲ್ಲಿ ಆಟೋಸೇವ್ ಪ್ರತಿ ಟರ್ನಿಗೆ ಇಡಿ. ಪ್ಯಾರಡಾಕ್ಸ್ ಆಟಗಳಲ್ಲಿ ಐರನ್‌ಮ್ಯಾನ್ ಎಂಬ ಮೋಡ್ ಹಾಕಬೇಡಿ. ಅದರಲ್ಲಿ ಒಂದೇ ಸೇವ್ ಫೈಲು, ಬರೆಯುತ್ತಿರುವಾಗ ಯಂತ್ರ ಆರಿದರೆ ಇಡೀ ಆಟ ಹೋದೀತು. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಬೇಕೇ ಬೇಕು. ಘಟ್ಟದ ಮೇಲಿನ ಹಳ್ಳಿಯವರು ಡೌನ್‌ಲೋಡ್ ಎಲ್ಲ ಮೇ ತಿಂಗಳೊಳಗೆ ಮುಗಿಸಿಕೊಳ್ಳಲಿ. ಒಬ್ಬರೇ ಆಡಲು, ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಆಫ್‌ಲೈನ್ ಮೋಡ್ ಸಾಕು.

ಡಿಎಲ್‌ಸಿ ಎಲ್ಲ ಕೊಳ್ಳಬೇಕೇ?

ಬೇಡ. ಡಿಎಲ್‌ಸಿ ಎಂದರೆ ಮೂಲ ಆಟಕ್ಕೆ ಬೇರೆಯಾಗಿ ಕೊಳ್ಳುವ ವಿಸ್ತರಣೆ. ಪ್ಯಾರಡಾಕ್ಸ್ ಆಟಗಳಲ್ಲಿ ಅವನ್ನೆಲ್ಲ ಕೂಡಿಸಿದರೆ ಮೂಲ ಆಟದ ಬೆಲೆಯ ಹಲವು ಪಟ್ಟು ಆಗುತ್ತದೆ. ಮೂಲ ಆಟ ಹಿಡಿಸಿದ ಮೇಲೆ ಒಂದೊಂದಾಗಿ ನೋಡಿ. ಯುರೋಪಾ 4ಕ್ಕೆ ಭಾರತದ ಮೇಲೆ ಗಮನವಿಟ್ಟ ಧರ್ಮ ಎಂಬ 2018ರ ವಿಸ್ತರಣೆ ಇದೆ, ವಿಜಯನಗರ ಆಡುವವರು ಅದರಿಂದ ಶುರು ಮಾಡಬಹುದು. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಸಿಗುತ್ತದೆ. ನಿಮ್ಮ ಯಂತ್ರದಲ್ಲಿ ಓಡುತ್ತದೆಯೇ ನೋಡಲು ಅಷ್ಟು ಹೊತ್ತು ಸಾಕು.

ಸೋದೆ, ಗೇರುಸೊಪ್ಪೆಯನ್ನು ನಕಾಶೆಯಲ್ಲಿ ನಾವೇ ಸೇರಿಸಬಹುದೇ?

ಸೇರಿಸಬಹುದು, ಮತ್ತು ಯಾರಾದರೂ ಚೆನ್ನಾಗಿ ಮಾಡಲಿ ಎಂದು ನನಗೆ ಬಹಳ ಆಸೆ. ಯುರೋಪಾ 4ರ ಫೈಲುಗಳು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆಯುತ್ತವೆ. ಪ್ರತಿ ಪ್ರಾಂತ್ಯಕ್ಕೂ ಒಂದು ಫೈಲು. ಅದರಲ್ಲಿ ಒಡೆಯ ಯಾರು, ಜನರ ಭಾಷೆ-ಸಂಸ್ಕೃತಿ ಯಾವುದು, ಮತ ಯಾವುದು, ಬೆಳೆಯುವ ಸರಕು ಯಾವುದು ಎಂದು ಒಂದೊಂದು ಸಾಲು. ಕೆಳಗೆ ತಾರೀಖು ಹಾಕಿ ಒಡೆತನ ಬದಲಾದದ್ದನ್ನೂ ಬರೆಯಬಹುದು. 1552ಕ್ಕೆ ಚೆನ್ನಭೈರಾದೇವಿಯನ್ನು ಕೂರಿಸಿ, 1606ಕ್ಕೆ ಕೆಳದಿಗೆ ಕೊಡಿ. ಸೋದೆಯನ್ನು 1763ರಲ್ಲಿ ಹೈದರಾಲಿ ತೆಗೆದುಕೊಳ್ಳುವವರೆಗೆ ಉಳಿಸಿ. ಹೊಸ ರಾಜ್ಯಕ್ಕೆ ಮೂರಕ್ಷರದ ಗುರುತು, ಬಣ್ಣ, ಬಾವುಟದ ಚಿತ್ರ ಬೇಕು. ಹೆಸರನ್ನು ಸದ್ಯ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಆಟದ ಫಾಂಟ್ ಕನ್ನಡ ತೋರಿಸುವುದಿಲ್ಲ. ಮೂಲ ಫೈಲು ಮುಟ್ಟದೆ ಮಾಡ್ (ಆಟಗಾರರೇ ಮಾಡುವ ಬದಲಾವಣೆ) ಫೋಲ್ಡರಿನಲ್ಲಿ ಪ್ರತಿ ಮಾಡಿಕೊಂಡೇ ಕೆಲಸ ಮಾಡಿ, ಒಂದು ಪ್ರಾಂತ್ಯ ಬದಲಿಸಿದ ಕೂಡಲೇ ಆಟ ತೆರೆದು ಪರೀಕ್ಷಿಸಿ. ಹತ್ತು ಬದಲಿಸಿ ಆಮೇಲೆ ತೆರೆದರೆ ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ.